ಹಳೇ ಅಂಬಾಸಿಡರ್‌ಗೆ ಎಲೆಕ್ಟ್ರಿಕ್ ಫ್ಯಾನ್: ವೈರಿಂಗ್ ನಾನೇ ಮಾಡಿದ್ದು ಹೀಗೆ

ಇಂಜಿನ್ನಿನ ಬೆಲ್ಟಿಂದಲೇ ತಿರುಗಿ ರೇಡಿಯೇಟರ್ ತಂಪು ಮಾಡುವ ಬೆಲ್ಟ್ ಫ್ಯಾನಿನ ಗುಣವೇ ಉಲ್ಟಾ. ಇಂಜಿನ್ ಜೋರಾಗಿ ಓಡಿದಾಗ ಅದೂ ಜೋರು, ಗಾಡಿ ನಿಂತಾಗ ಅದೂ ನಿಧಾನ. ಹೈವೇ ಹಿಡಿದು ಚಿತ್ರದುರ್ಗದ ಕಡೆ ಹೊರಟರೆ ಎದುರುಗಾಳಿಯೇ ಸಾಕು, ಫ್ಯಾನಿಗೆ ಕೆಲಸವೇ ಇಲ್ಲ. ಫ್ಯಾನ್ ಬೇಕಾಗೋದು ದಾವಣಗೆರೆ ಊರೊಳಗೆ, ರೈಲ್ವೆ ಗೇಟ್ ಬಿದ್ದು ಮುಂದೆ ಹಿಂದೆ ಗಾಡಿ ನಿಂತಾಗ. ಏಪ್ರಿಲ್ ಬಿಸಿಲಲ್ಲಿ ಟೆಂಪರೇಚರ್ ಮುಳ್ಳು ಸುಮ್ನೆ ಮೇಲೇರುತ್ತಿತ್ತು. ಅದಕ್ಕೇ ಎಲೆಕ್ಟ್ರಿಕ್ ಫ್ಯಾನ್ ಹಾಕಲು ಹೊರಟೆ.

ಮೊದಲು ರೇಡಿಯೇಟರ್ ಬಿಚ್ಚಿ ತೊಳೆಸಿದೆ. ಒಳಗೆ ಕಟ್ಟಿಕೊಂಡಿದ್ದರೆ ಯಾವ ಫ್ಯಾನ್ ಹಾಕಿದರೂ ಅಷ್ಟೇ. ಕೆಲವರು ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಬಿಸಾಡಿ ಎನ್ನುತ್ತಾರೆ. ಬೇಡ. ಇಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹಾಗೇ, ಗಾಡಿಯಲ್ಲಿ ಇನ್ನೂ ಹಳೇ ಡೈನಮೋ ಇದ್ದರೆ ಮೊದಲು ಆಲ್ಟರ್ನೇಟರ್ ಹಾಕಿಸಿ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ನಿಧಾನ ಓಡುವಾಗ, ಡೈನಮೋ ಹೆಚ್ಚುಕಡಿಮೆ ಚಾರ್ಜೇ ಕೊಡಲ್ಲ, ಈ ಫ್ಯಾನ್ ಓಡೋದೇ ಐಡಲ್‌ನಲ್ಲಿ. ಬ್ಯಾಟರಿ ಕೂತೇ ಹೋಗುತ್ತದೆ.

ಫ್ಯಾನ್ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ, ಸಣ್ಣ ಕಾರೊಂದರದ್ದು. "ತಗೊಳ್ರಿ ಅಣ್ಣಾ, ಚೆಕ್ ಮಾಡೇ ಕೊಡ್ತೀನಿ" ಅಂದ ಹುಡುಗ, ಅಲ್ಲೇ ಬ್ಯಾಟರಿಗೆ ಮುಟ್ಟಿಸಿ ತೋರಿಸಿದ. ವೈರ್ ಕತ್ತರಿಸದೆ ಆಂಪ್ಸ್ ಅಳೆಯುವ ಕ್ಲ್ಯಾಂಪ್ ಮೀಟರ್ ಒಯ್ದಿದ್ದೆ. ಓಡುವಾಗ ಹತ್ತು ಆಂಪ್ಸ್ ಆಸುಪಾಸು. ಶುರುವಾಗುವ ಕ್ಷಣಕ್ಕೆ ಇದರ ಎರಡು ಮೂರು ಪಟ್ಟು ಎಳೆಯುತ್ತದೆ.

ವೈರಿಂಗಿನ ಗುಟ್ಟೆಲ್ಲ ಈ ಹತ್ತು ಆಂಪ್ಸ್‌ನಲ್ಲೇ ಇದೆ. "ಇಗ್ನಿಷನ್‌ನಿಂದ ಒಂದು ವೈರ್ ಎಳೆದುಬಿಡ್ರಿ, ಆಯ್ತು" ಎಂದು ಸಲಹೆ ಕೊಡುವವರಿಗೆ ಬರವಿಲ್ಲ. ಫ್ಯಾನ್ ಓಡುತ್ತದೆ ನಿಜ. ಆದರೆ 1 ಸ್ಕ್ವೇರ್ ಎಂಎಂ ವೈರ್ ಮೂರು ಮೀಟರ್ ಹೋದರೆ ಹತ್ತು ಆಂಪ್ಸ್‌ಗೆ ಅರ್ಧ ವೋಲ್ಟ್ ವೈರಲ್ಲೇ ಹೋಯಿತು. ಸವೆದ ಇಗ್ನಿಷನ್ ಸ್ವಿಚ್, ತುಕ್ಕು ಹಿಡಿದ ಕನೆಕ್ಟರ್ ಸೇರಿದರೆ ಇನ್ನೂ ಜಾಸ್ತಿ. ಫ್ಯಾನ್ ಸೋಮಾರಿಯಾಗುತ್ತದೆ, ಸ್ವಿಚ್ ಬಿಸಿಯಾಗುತ್ತದೆ. ನಾನು ಹಾಕಿದ್ದು 4 ಸ್ಕ್ವೇರ್ ವೈರ್, ಮಧ್ಯೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್.

ರಿಲೇ ಅಡಿಯಲ್ಲಿ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿ ಪ್ಲಸ್, 20 ಆಂಪ್ಸ್ ಫ್ಯೂಸ್ ಮೂಲಕ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ಅದು ಕಾಯುವುದು ಫ್ಯಾನನ್ನಲ್ಲ, ವೈರನ್ನು. ದೂರ ಇಟ್ಟರೆ ಅಲ್ಲಿಯವರೆಗಿನ ವೈರಿಗೆ ಕಾವಲೇ ಇಲ್ಲ. 87ರಿಂದ ಫ್ಯಾನಿನ ಪ್ಲಸ್‌ಗೆ. 86ಕ್ಕೆ ಇಗ್ನಿಷನ್ ಕರೆಂಟ್, ಇಲ್ಲಿ ತೆಳು ವೈರ್ ಸಾಕು, ಯಾಕೆಂದರೆ ರಿಲೇ ಒಳಗಿನ ಕಾಯಿಲ್ ಎಳೆಯೋದು ಒಂದು ಆಂಪಿನ ಐದರಲ್ಲೊಂದು ಭಾಗವೂ ಇಲ್ಲ. 85ರಿಂದ ಥರ್ಮೋ ಸ್ವಿಚ್ (ನೀರಿನ ಬಿಸಿಗೆ ತಾನೇ ಆನ್-ಆಫ್ ಆಗುವ ಸ್ವಿಚ್), ಅಲ್ಲಿಂದ ಅರ್ತ್, ಅಂದರೆ ಬ್ಯಾಟರಿ ಮೈನಸ್ ಕಡೆ. ಐದು ಪಿನ್ನಿನ ರಿಲೇ ಕೊಟ್ಟರೆ ನಡುವಿನ 87ಎ ಪಿನ್ನನ್ನು ಖಾಲಿ ಬಿಡಿ. ಫ್ಯಾನನ್ನು ಅದಕ್ಕೆ ಕೊಟ್ಟರೆ ರಿಲೇ ಆಫ್ ಇದ್ದಾಗ ಓಡುತ್ತದೆ, ಬೇಕಾದಾಗ ನಿಲ್ಲುತ್ತದೆ.

ಥರ್ಮೋ ಸ್ವಿಚ್ 92 ಡಿಗ್ರಿಗೆ ಆನ್, 87ಕ್ಕೆ ಆಫ್ ಆಗುವಂಥದ್ದು. ನನ್ನ ಗಾಡಿಯ ವಾಲ್ವ್ ತೆರೆಯೋದು 82ಕ್ಕೆ. ಸ್ವಿಚ್ ಆಫ್ ಆಗುವ ಡಿಗ್ರಿ ವಾಲ್ವಿಗಿಂತ ಮೇಲೇ ಇರಬೇಕು, ಇಲ್ಲದಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ. ಹಿತ್ತಾಳೆ ರೇಡಿಯೇಟರ್ ಆದ್ದರಿಂದ ರಿಪೇರಿಯವರು ಮೇಲಿನ ಟ್ಯಾಂಕಿಗೆ ಒಂದು ಥ್ರೆಡ್ ಇರುವ ಬುಷ್ ಬೆಸೆದುಕೊಟ್ಟರು. ಆದಷ್ಟು ಕೆಳಗೆ ಹಾಕಿಸಿದೆ. ನೀರು ಸ್ವಲ್ಪ ಇಳಿದರೂ ಸ್ವಿಚ್ ಮುಳುಗಿರಬೇಕಲ್ವಾ? ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದು ಸಣ್ಣ ಸ್ವಿಚ್ ಇಟ್ಟು 85ರಿಂದ ಅರ್ತ್‌ಗೆ, ಥರ್ಮೋ ಸ್ವಿಚ್ಚಿಗೆ ಪ್ಯಾರಲಲ್ ಆಗಿ ಕೊಟ್ಟಿದ್ದೇನೆ. ಗೇಟ್ ಬೀಳುತ್ತಿದ್ದಂತೆ ನಾನೇ ಒತ್ತಬಹುದು.

ಎಲ್ಲರೂ ಅಸಡ್ಡೆ ಮಾಡುವುದು ಅರ್ತನ್ನು. ಫ್ಯಾನಿನ ಕಪ್ಪು ವೈರನ್ನು ಪೇಂಟ್ ಮೇಲಿನ ಯಾವುದೋ ಸ್ಕ್ರೂಗೆ ಸಿಕ್ಕಿಸಿ ಕೈ ತೊಳೆದುಕೊಳ್ಳುತ್ತಾರೆ. ಹೋದ ಕರೆಂಟ್ ವಾಪಸ್ ಬರುವುದೂ ಅಷ್ಟೇ ಆಂಪ್ಸ್. ಇದಕ್ಕೂ 4 ಸ್ಕ್ವೇರ್ ವೈರ್ ಹಾಕಿ ನೇರ ಬ್ಯಾಟರಿ ಮೈನಸ್‌ಗೇ ತಂದೆ. ಫ್ಯಾನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿ ಫ್ಯಾನಿನ ಮೈನಸ್‌ಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಇಟ್ಟು ನೋಡಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಎಲ್ಲೋ ಜಾಯಿಂಟ್ ಸಡಿಲ ಇದೆ. ಪ್ಲಸ್ ಕಡೆಯೂ ಹೀಗೇ ನೋಡಿ, ಅಲ್ಲಿ ಫ್ಯೂಸ್, ರಿಲೇ ಇರುವುದರಿಂದ ಸ್ವಲ್ಪ ಜಾಸ್ತಿ ಬಂದರೂ ಪರವಾಗಿಲ್ಲ.

ಫ್ಯಾನ್ ಕೂರಿಸಿದ್ದು ಪಟ್ಟಿ ಕಬ್ಬಿಣದ ಬ್ರಾಕೆಟ್ ಮೇಲೆ, ರೇಡಿಯೇಟರಿನ ಫ್ರೇಮಿಗೆ. ರೇಡಿಯೇಟರಿನ ತೆಳು ತಗಡಿನ ಫಿನ್ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುವುದು ನನಗೆ ಇಷ್ಟವಿಲ್ಲ, ಅಲುಗಾಡಿ ಟ್ಯೂಬನ್ನೇ ತಿನ್ನುತ್ತದೆ. ಗಾಳಿಯ ದಿಕ್ಕು ನೋಡಲು ಗ್ರಿಲ್ ಕಡೆ ಒಂದು ಪೇಪರ್ ಹಿಡಿದೆ. ರೇಡಿಯೇಟರಿಗೆ ಅಂಟಿಕೊಂಡರೆ ಸರಿ. ಹಳೇ ಫ್ಯಾನಿನ ರೆಕ್ಕೆ ತೆಗೆದಾಗ ಒಂದು ವಿಷಯ ಗಮನಿಸಿ: ವಾಟರ್ ಪಂಪ್ ಪುಲ್ಲಿಯನ್ನು ಹಿಡಿದಿರುವುದೂ ಅವೇ ನಾಲ್ಕು ಬೋಲ್ಟ್. ರೆಕ್ಕೆಯಷ್ಟು ದಪ್ಪ ಕಡಿಮೆಯಾಗುವುದರಿಂದ ವಾಷರ್ ಹಾಕಬೇಕು, ಇಲ್ಲವೇ ಗಿಡ್ಡ ಬೋಲ್ಟ್.

ಡ್ಯಾಶ್ ಬಾಕ್ಸಿನಲ್ಲಿ ಒಂದು ಸ್ಪೇರ್ ರಿಲೇ, ಒಂದೆರಡು ಫ್ಯೂಸ್ ಇಟ್ಟಿದ್ದೇನೆ. ಅದೂ ಇಲ್ಲದೆ ದಾರಿಯಲ್ಲಿ ರಿಲೇ ಕೈಕೊಟ್ಟರೆ, ಸಾಕೆಟ್ಟಿನ 30 ಮತ್ತು 87ಕ್ಕೆ ಒಂದು ತುಂಡು ದಪ್ಪ ವೈರ್ ಸಿಕ್ಕಿಸಿದರೂ ಫ್ಯಾನ್ ತಿರುಗುತ್ತದೆ. ಮನೆ ಮುಟ್ಟಿದ ಮೇಲೆ ಅದನ್ನು ಕೀಳಲೇಬೇಕು. ಚಾವಿ ತೆಗೆದರೂ ಫ್ಯಾನ್ ನಿಲ್ಲಲ್ಲ.