ನಾನು ರಿಸ್ಟೋರ್‌ನಿಂದಲೇ ಶುರು ಮಾಡುತ್ತೇನೆ

ಯಾವುದೇ ಕಂಪನಿಯ ಬ್ಯಾಕಪ್ ಕೆಲಸ ಒಪ್ಪಿಕೊಂಡಾಗ ನಾನು ಮೊದಲು ಕೇಳುವುದು ಒಂದು ಖಾಲಿ ಮೆಷಿನ್. ಸಾಫ್ಟ್‌ವೇರ್, ಕ್ಲೌಡ್ ಪ್ಲಾನ್ ಎಲ್ಲಾ ಆಮೇಲೆ. ಈಗಿರುವ ಬ್ಯಾಕಪ್ಪನ್ನು ಅದರ ಮೇಲೆ ರಿಸ್ಟೋರ್ ಮಾಡಿ, ಅಂದರೆ ಬ್ಯಾಕಪ್ಪಿನಿಂದ ಡೇಟಾ ಮರಳಿ ತಂದು ನೋಡಿದರೆ ಅರ್ಧ ವಿಷಯ ಅಲ್ಲೇ ಬಯಲಾಗುತ್ತದೆ.

ಒಂದು ಕಡೆ ಬಿಲ್ಲಿಂಗ್ ಡೇಟಾ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿತ್ತು. ಪ್ರತಿ ರಾತ್ರಿ ಅದರ ಬ್ಯಾಕಪ್ ಟೂಲ್ ಪಿಜಿ ಡಂಪ್ ತಪ್ಪದೆ ಓಡುತ್ತಿತ್ತು, ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಖಾಲಿ ಮೆಷಿನ್‌ಗೆ ಹಾಕಿದೆ. ಟೇಬಲ್‌ಗಳು ಬಂದವು, ಬಿಲ್‌ಗಳೂ ಬಂದವು. ಆದರೆ ಅಪ್ಲಿಕೇಶನ್ ಡೇಟಾಬೇಸ್‌ಗೆ ಕನೆಕ್ಟ್ ಆಗಲೇ ಇಲ್ಲ. ಪಿಜಿ ಡಂಪ್ ತೆಗೆಯುವುದು ಒಂದು ಡೇಟಾಬೇಸನ್ನು ಮಾತ್ರ. ಅದರ ಯೂಸರ್‌ಗಳು, ಪಾಸ್‌ವರ್ಡ್‌ಗಳು ಇಡೀ ಸರ್ವರ್‌ಗೆ ಸೇರಿದವು, ಆ ಫೈಲಿನೊಳಗೆ ಬರುವುದಿಲ್ಲ. ಅವಕ್ಕೆ ಪಿಜಿ ಡಂಪ್‌ಆಲ್ ಎಂಬ ಇನ್ನೊಂದು ಟೂಲ್ ಬೇರೆಯಾಗಿ ಓಡಿಸಬೇಕು. ಲಾಗ್ ನೋಡಿಕೊಂಡು ಸುಮ್ನೆ ಕೂತಿದ್ದರೆ ಇದು ಸರ್ವರ್ ಕೈಕೊಟ್ಟ ದಿನವೇ ಗೊತ್ತಾಗುತ್ತಿತ್ತು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳು ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ಕೈತಪ್ಪಿ ಅಳಿಸಿಹೋಯಿತು. ಅವರ ಡಂಪ್ ಟೂಲಿನ ವರ್ಷನ್ ಡೇಟಾಬೇಸಿಗೆ ಹೊಂದದೆ ಬ್ಯಾಕಪ್ ಫೇಲ್ ಆಗುತ್ತಲೇ ಇತ್ತು. ಫೇಲ್ ಆಯಿತೆಂದು ಹೇಳಬೇಕಿದ್ದ ಮೇಲ್‌ಗಳೂ ತಲುಪಿರಲಿಲ್ಲ. ಕೊನೆಗೆ ಸುಮಾರು 6 ಗಂಟೆ ಹಳೆಯ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕಿನ ನಕಲು) ಒಂದು ಕಾಪಾಡಿತು. ಇದನ್ನೆಲ್ಲ ಅವರೇ ಬರೆದು ಪ್ರಕಟಿಸಿದರು, ಮೆಚ್ಚಬೇಕು. ಹಾಗಾಗಿ ನಾನು ಫೇಲ್ ಮೇಲನ್ನು ನಂಬುವುದಿಲ್ಲ. ಬ್ಯಾಕಪ್ ಮುಗಿದ ಮೇಲೆ ಫೈಲ್ ಸೈಜ್ ಸಮೇತ ಒಂದು ಸಂದೇಶ ಬರಲೇಬೇಕು. ಬರದಿದ್ದರೆ, ಅಥವಾ ಸೈಜ್ ಏಕಾಏಕಿ ಇಳಿದಿದ್ದರೆ, ಬೇರೆ ಮೆಷಿನ್ ಅಲಾರಂ ಕೊಡುತ್ತದೆ.

ಇನ್ನು ಸಮಯ. ಮಾಲೀಕರನ್ನು ಎರಡೇ ಮಾತು ಕೇಳುತ್ತೇನೆ: ಎಷ್ಟು ಹೊತ್ತಿನ ಎಂಟ್ರಿ ಮತ್ತೆ ಕೂತು ಹಾಕಬಲ್ಲಿರಿ? ಸಿಸ್ಟಮ್ ಇಲ್ಲದೆ ಎಷ್ಟು ಹೊತ್ತು ವ್ಯವಹಾರ ನಡೆಸಬಲ್ಲಿರಿ? ಎಲ್ಲರೂ ಮೊದಲು ‘ಸೊನ್ನೆ’ ಅನ್ನುತ್ತಾರೆ. ಖರ್ಚು ಹೇಳಿದ ಮೇಲೆ ಚೌಕಾಸಿ ಶುರು! ಇಂಟರ್ನೆಟ್ ವೇಗದ ಲೆಕ್ಕವನ್ನಂತೂ ಯಾರೂ ಹಾಕಿರುವುದಿಲ್ಲ. 2 ಟೆರಾಬೈಟ್ ಡೇಟಾ 100 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು, ಲೈನ್ ಪೂರ್ತಿ ಸಿಕ್ಕರೂ, 44 ಗಂಟೆ ಮೀರುತ್ತದೆ. ಕ್ಲೌಡ್‌ನಲ್ಲಿದೆ ಅಲ್ವಾ ಅಂತ ನಿಶ್ಚಿಂತೆಯಾಗಿದ್ದವರು ಇಲ್ಲಿ ನೆಟ್ಟಗೆ ಕೂರುತ್ತಾರೆ. ಅದಕ್ಕೇ ಒಂದು ಪ್ರತಿ ಕೈಗೆಟುಕುವ ಕಡೆ, ಇನ್ನೊಂದು ಬೇರೆ ಊರಿನಲ್ಲಿ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಕೆಲವರಿಗೆ ಏನೂ ಉಳಿಯಲಿಲ್ಲ.

ಡೇಟಾಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್‌ಗೆ ನನ್ನ ಉಪಾಯ ಸರಳ. ಬ್ಯಾಕಪ್ ಸರ್ವರನ್ನು ಆಫೀಸ್ ಡೊಮೇನ್‌ಗೆ (ಎಲ್ಲ ಮೆಷಿನ್‌ಗಳಿಗೂ ಒಂದೇ ಲಾಗಿನ್ ವ್ಯವಸ್ಥೆ) ಸೇರಿಸುವುದಿಲ್ಲ, ಪಾಸ್‌ವರ್ಡ್ ಬೇರೆ. ಒಂದು ಪ್ರತಿಯನ್ನು ಅವಧಿ ಮುಗಿಯುವ ತನಕ ಅಡ್ಮಿನ್ ಕೂಡ ಅಳಿಸಲಾಗದಂತೆ ಲಾಕ್ ಮಾಡುತ್ತೇನೆ. ಬ್ಯಾಕಪ್ಪಿನ ಗುಪ್ತಲಿಪಿ ಬಿಡಿಸುವ ಎನ್‌ಕ್ರಿಪ್ಶನ್ ಕೀ ಕಾಗದದಲ್ಲಿ ಪ್ರಿಂಟಾಗಿ ಲಾಕರ್‌ನಲ್ಲಿರುತ್ತದೆ.

ರಿಸ್ಟೋರ್ ಅಭ್ಯಾಸ ಮಾಡುವ ಡ್ರಿಲ್ ದಿನ ಕೀಬೋರ್ಡ್ ನನ್ನ ಕೈಯಲ್ಲಿರುವುದಿಲ್ಲ. ಆ ಕೆಲಸ ಮಾಡಿ ಗೊತ್ತಿಲ್ಲದ ಒಬ್ಬರು ನನ್ನ ಟಿಪ್ಪಣಿ ಓದಿಕೊಂಡು ರಿಸ್ಟೋರ್ ಮಾಡುತ್ತಾರೆ, ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುತ್ತೇನೆ. ಅವರು ಎಲ್ಲಿ ತಡವರಿಸಿದರೋ ಆ ಜಾಗದಲ್ಲಿ ಒಂದು ಸಾಲು ಸೇರಿಸುತ್ತೇನೆ. ಇತ್ತೀಚೆಗೆ ಹಾಗೆ ಸೇರಿದ್ದು, ಸಾಫ್ಟ್‌ವೇರ್ ಲೈಸೆನ್ಸ್ ಕೀ ಯಾವ ಫೋಲ್ಡರ್‌ನಲ್ಲಿದೆ ಅನ್ನುವುದು.