ರಿಯಾಸ್ ಬೈಶಾಸ್: ವೈನ್ ಮತ್ತು ಕಡಲು ಬಯಸುವವರಿಗೆ ಒಂದು ಸಲಹೆ

ವಿಶ್ರಾಂತಿಯೇ ಪ್ರವಾಸದ ಉದ್ದೇಶವಾಗಿದ್ದರೆ, ಸ್ಪೇನ್‌ನ ಹೆಸರಾಂತ ನಗರಗಳನ್ನು ಬದಿಗಿಟ್ಟು, ಅದರ ವಾಯವ್ಯ ಮೂಲೆಯ ಗಲೀಸಿಯಾದಲ್ಲಿರುವ ರಿಯಾಸ್ ಬೈಶಾಸ್ ಕರಾವಳಿಯನ್ನು ಪರಿಗಣಿಸಬಹುದು. ದಿನಕ್ಕೊಂದು ಊರು ಸುತ್ತುವ ಬದಲು ಕಾಂಬಾದೋಸ್ ಪಟ್ಟಣವೊಂದರಲ್ಲೇ ನಾಲ್ಕೈದು ದಿನ ತಂಗುವುದು ಒಳ್ಳೆಯದು.

ಅಲ್ಬಾರಿನ್ಯೊ ಎಂಬ ಬಿಳಿ ವೈನ್‌ಗೆ ಹೆಸರಾದ ಈ ಊರಿನ ಸುತ್ತಮುತ್ತ ದ್ರಾಕ್ಷಿ ಬಳ್ಳಿಗಳನ್ನು ಗ್ರಾನೈಟ್ ಕಂಬಗಳ ಮೇಲಿನ ಎತ್ತರದ ಚಪ್ಪರಕ್ಕೆ ಹಬ್ಬಿಸುತ್ತಾರೆ. ಮಳೆ ಹೆಚ್ಚಾಗಿರುವ ಈ ನೆಲದಲ್ಲಿ ಗೊಂಚಲುಗಳ ಕೆಳಗೆ ಗಾಳಿಯಾಡಿ ತೇವ ಆರಲೆಂಬುದೇ ಈ ಏರ್ಪಾಡಿನ ಉದ್ದೇಶ. ವೈನರಿ ಭೇಟಿಗೆ ಮುಂಚಿತವಾಗಿ ಸಮಯ ಗೊತ್ತುಪಡಿಸಿಕೊಳ್ಳಿ. ದಿನಕ್ಕೆ ಒಂದೇ ಸಾಕು, ಎರಡನೆಯದರ ಹೊತ್ತಿಗೆ ನಾಲಿಗೆಗೂ ದಣಿವಾಗಿರುತ್ತದೆ! ಹೋಗಿಬರಲು ಟ್ಯಾಕ್ಸಿಯನ್ನೇ ನೆಚ್ಚಿಕೊಳ್ಳಿ.

ವಿಗೋ ಬಂದರಿನಿಂದ ದೋಣಿಯಲ್ಲಿ ತಲುಪುವ ಸೀಯೆಸ್ ದ್ವೀಪಗಳಿಗೆ ಒಂದು ದಿನ ಮೀಸಲಿಡಿ. ಅಲ್ಲಿಗೆ ದಿನವೊಂದಕ್ಕೆ ಇಂತಿಷ್ಟೇ ಜನರೆಂಬ ಮಿತಿಯಿರುವುದರಿಂದ, ಬೇಸಿಗೆಯಲ್ಲಿ ಗಲೀಸಿಯಾ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಪಡೆದ ನಂತರವೇ ದೋಣಿಯ ಟಿಕೆಟ್ ಕೊಳ್ಳಬೇಕಾಗುತ್ತದೆ. ಮರಳು ಬೆಳ್ಳಗಿದ್ದರೂ ಅಟ್ಲಾಂಟಿಕ್ ಸಾಗರದ ನೀರು ಮಾತ್ರ ಕೊರೆಯುವಷ್ಟು ತಣ್ಣಗಿರುತ್ತದೆ.

ಆಗಸ್ಟ್‌ನಲ್ಲಿ ಸ್ಪೇನ್‌ನವರೇ ರಜೆಗೆಂದು ಬಂದು ಸೇರುವುದರಿಂದ ಜೂನ್ ಅಥವಾ ಸೆಪ್ಟೆಂಬರ್ ಸೂಕ್ತ. ಆಗಲೂ ಮಳೆಯಂಗಿಯೊಂದು ಚೀಲದಲ್ಲಿರಲಿ.