ಸಿಪಿಎಸ್‌ಎಸ್‌ಗಾಗಿ ಗೋಕುಲ ರಸ್ತೆಯ ಶೆಡ್ಡಿನಲ್ಲಿ ಮಾಡಿದ ತಯಾರಿ: ನನ್ನ ಅನುಭವ

ವಾಯುಪಡೆಗೆ ಪೈಲಟ್‌ಗಳನ್ನು ಆರಿಸಲು ಕಂಪ್ಯೂಟರ್ ಯಂತ್ರದ ಮೇಲೆ ನಡೆಸುವ ಸಿಪಿಎಸ್‌ಎಸ್ ಪರೀಕ್ಷೆಗೆ ಮನೆಯಲ್ಲಿ ಕುಳಿತು ತಯಾರಿ ಮಾಡಲು ಬರುವುದಿಲ್ಲ, ಅದು ಹುಟ್ಟಿನಿಂದಲೇ ಬರಬೇಕು ಎಂದು ನನಗೆ ಹೇಳಿದವರು ಕಡಿಮೆಯೆಂದರೂ ಹತ್ತು ಜನ. ಅವರಲ್ಲಿ ಎನ್‌ಸಿಸಿಯ ಹಿರಿಯ ಕೆಡೆಟ್‌ಗಳಿದ್ದರು, ತರಬೇತಿ ಕೇಂದ್ರ ನಡೆಸುವವರಿದ್ದರು, ನನ್ನ ಸೋದರಮಾವನೂ ಇದ್ದರು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅಪ್ಪ ಕೆಲಸ ಮಾಡುವ ಲೇಥ್ ಶೆಡ್ಡಿನ ಹಿಂಬದಿಯಲ್ಲಿ, ಪ್ಲೈವುಡ್ಡು, ಹಳೆಯ ಬೇರಿಂಗು ಮತ್ತು ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗುಗಳಿಂದ ಮಾಡಿದ ಪೆಡಲುಗಳ ಮೇಲೆ ಹೆಚ್ಚುಕಡಿಮೆ ಹದಿನಾಲ್ಕು ತಿಂಗಳು ಅಭ್ಯಾಸ ಮಾಡಿ ನಾನು ಆ ಪರೀಕ್ಷೆಯನ್ನು ದಾಟಿದೆ. ಜೀವನದಲ್ಲಿ ಒಮ್ಮೆ ಮಾತ್ರ ಬರೆಯಲು ಬಿಡುವ ಪರೀಕ್ಷೆ ಅದು. ಬಿದ್ದವರಿಗೆ ಪೈಲಟ್‌ಗಳ ವಿಭಾಗವಾದ ಫ್ಲೈಯಿಂಗ್ ಶಾಖೆಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಈಗ ದುಂಡಿಗಲ್ಲಿನ ವಾಯುಪಡೆ ಅಕಾಡೆಮಿಯ ತರಬೇತಿಯೂ ಮುಗಿದು ಎದೆಯ ಮೇಲೆ ಪೈಲಟ್‌ನ ವಿಂಗ್ಸ್ ಲಾಂಛನ ಇರುವುದರಿಂದ, ಅಂದು ನಂಬದಿದ್ದವರಿಗೂ ಇಂದು ಅದೇ ದಾರಿಯಲ್ಲಿರುವವರಿಗೂ ಇದನ್ನು ಬರೆದಿಡಬೇಕು ಎನಿಸಿತು. ‘ಸಿ’ ಎಂದರೆ ಎನ್‌ಸಿಸಿಯ ಕೊನೆಯ ಹಂತದ ಪ್ರಮಾಣಪತ್ರ, ಎಎಫ್‌ಎಸ್‌ಬಿ ಎಂದರೆ ಐದು ದಿನ ಪರೀಕ್ಷಿಸುವ ವಾಯುಪಡೆಯ ಆಯ್ಕೆ ಮಂಡಳಿ (ಬೋರ್ಡು), ಪಿಪಿಡಿಟಿ ಎಂದರೆ ಅಲ್ಲಿ ಮೊದಲ ದಿನ ಚಿತ್ರ ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವ ಪರೀಕ್ಷೆ; ಇದಕ್ಕಿಂತ ಹೆಚ್ಚಿನ ವಿವರಣೆಗೆ ಹೋಗುವುದಿಲ್ಲ.

ಪಿಯುಸಿಯನ್ನು ಧಾರವಾಡದಲ್ಲಿ ಮುಗಿಸಿದೆ. ಅಲ್ಲಿಯೇ ಪದವಿಗೆ ಸೇರಬಹುದಿತ್ತು, ಆದರೆ ನನಗೆ ಸೀಟು ಸಿಕ್ಕ ಕಾಲೇಜಿನಲ್ಲಿ ಎನ್‌ಸಿಸಿಯ ಭೂಸೇನಾ ವಿಭಾಗ ಮಾತ್ರ ಇತ್ತು. ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಎಫ್‌ಎಸ್‌ಬಿಗೆ ಕರೆಸಿಕೊಳ್ಳುವ ಎನ್‌ಸಿಸಿ ವಿಶೇಷ ಪ್ರವೇಶ ಫ್ಲೈಯಿಂಗ್ ಶಾಖೆಗೆ ಬೇಕೆಂದರೆ ಎನ್‌ಸಿಸಿಯ ವಾಯು ವಿಭಾಗವಾದ ಏರ್ ವಿಂಗ್ ಸೀನಿಯರ್ ಡಿವಿಜನ್ನಿನ ‘ಸಿ’ಯೇ ಆಗಬೇಕು. ಅದೊಂದೇ ಕಾರಣಕ್ಕೆ ಬೆಂಗಳೂರಿನಲ್ಲಿ ಏರ್ ವಿಂಗ್ ಇರುವ ಕಾಲೇಜು ಹುಡುಕಿ ಬಿಎಸ್ಸಿಗೆ ಸೇರಿದೆ. ಹಾಸ್ಟೆಲು, ಊಟ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ಎಪ್ಪತ್ತು ಸಾವಿರದ ಆಸುಪಾಸು ಆಗುತ್ತಿತ್ತು. ಖಾಸಗಿಯಾಗಿ ವಿಮಾನ ಚಾಲನೆ ಕಲಿತು ವಾಣಿಜ್ಯ ಪೈಲಟ್ ಪರವಾನಗಿ (ಸಿಪಿಎಲ್) ಪಡೆಯಲು ಹತ್ತಾರು ಲಕ್ಷ ಬೇಕೆಂದು ಅಪ್ಪನಿಗೆ ಗೊತ್ತಿದ್ದುದರಿಂದ, ಈ ಲೆಕ್ಕ ಅವರಿಗೆ ಒಪ್ಪಿಗೆಯಾಯಿತು. ಆದರೂ ಹೊರಡುವ ಮುನ್ನ ಅಪ್ಪ ಅಳತೆ ಟೇಪು ತೆಗೆದುಕೊಂಡು ನನ್ನನ್ನು ಶೆಡ್ಡಿನ ಗೋಡೆಗೆ ಒರಗಿಸಿ ಅಳೆದರು. ಪೈಲಟ್ ಆಗಲು ಬೇಕಾದ ಅಳತೆ ಹೀಗಿದೆ: ಎತ್ತರ ಕನಿಷ್ಠ 162.5 ಸೆಂಟಿಮೀಟರ್, ಕಾಲಿನ ಉದ್ದ 99ರಿಂದ 120, ತೊಡೆಯ ಉದ್ದ 64ಕ್ಕೆ ಮೀರಬಾರದು, ಕುಳಿತ ಎತ್ತರ 81.5ರಿಂದ 96. ನನ್ನ ಕಾಲು 101 ಬಂತು. ಮೂರು ವರ್ಷ ಡ್ರಿಲ್ ಮಾಡಿ, ಮೂರು ಸಲ ಬೋರ್ಡಿಗೆ ಹೋಗಿ, ಕೊನೆಗೆ ವೈದ್ಯಕೀಯ ತಪಾಸಣೆಯಲ್ಲಿ ಕಾಲಿನ ಉದ್ದ ಸಾಲದೆ ಮರಳಿದವನೊಬ್ಬನನ್ನು ನಾನು ಬಲ್ಲೆ. ಹತ್ತು ರೂಪಾಯಿಯ ಟೇಪಿನಿಂದ ಮೊದಲೇ ತಿಳಿಯಬಹುದಾಗಿದ್ದ ಸಂಗತಿ ಅದು.

ಕಾಲೇಜಿನ ಮೂರು ವರ್ಷಗಳಲ್ಲಿ ಮೈಕ್ರೋಲೈಟ್ ಎಂಬ ಪುಟ್ಟ ವಿಮಾನದಲ್ಲಿ ಕುಳಿತದ್ದು ನಾಲ್ಕೇ ಬಾರಿ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ವಿಮಾನದ ಸಣ್ಣ ಮಾದರಿಗಳನ್ನು ಹಾರಿಸುವ ಏರೋಮಾಡೆಲಿಂಗ್. ಕಂಟ್ರೋಲ್ ಲೈನ್ ಮಾದರಿಯನ್ನು ಎರಡು ತಂತಿಗಳ ತುದಿಯಲ್ಲಿ ಹಿಡಿದು ಸುತ್ತುವಾಗ, ಕೈ ಮಾಡಿದ ಕೆಲಸ ರೆಕ್ಕೆಗೆ ತಲುಪುವಷ್ಟರಲ್ಲಿ ಒಂದು ಚೂರು ಹೊತ್ತು ಕಳೆಯುತ್ತದೆ, ಆ ಚೂರನ್ನು ಮೊದಲೇ ಊಹಿಸಿ ಕೈಯನ್ನು ಹಿಂದೆ ತರಬೇಕು ಎಂಬುದು ನನಗೆ ಮೈಗೂಡಿತು. ಎರಡು ಮಾದರಿಗಳನ್ನು ನೆಲಕ್ಕೆ ಅಪ್ಪಳಿಸಿ, ಮೂರನೆಯದರಲ್ಲಿ ಕಲಿತೆ. ಅಖಿಲ ಭಾರತ ವಾಯು ಸೈನಿಕ ಶಿಬಿರದ ಆಯ್ಕೆಯಲ್ಲಿ ಕೊನೆಯ ಹಂತದಲ್ಲಿ ಬಿಟ್ಟುಹೋದೆ. ಆ ನೋವು ಬಹಳ ದಿನ ಇತ್ತು.

ಮೊದಲ ಬೋರ್ಡು ಮೈಸೂರಿನಲ್ಲಿ. ಮೊದಲ ದಿನದ ಪಿಪಿಡಿಟಿಯಲ್ಲೇ ಹೊರಬಿದ್ದು, ಅಂದರೆ ಸ್ಕ್ರೀನ್ ಔಟ್ ಆಗಿ, ಸಂಜೆಯ ರೈಲು ಹತ್ತಿ ಬೆಳಗಾಗುವಷ್ಟರಲ್ಲಿ ಹುಬ್ಬಳ್ಳಿಯಲ್ಲಿದ್ದೆ. ಚಿತ್ರದ ಕಥೆಯನ್ನು ಬರೆಯಲು ತೊಂದರೆಯಾಗಲಿಲ್ಲ. ಗುಂಪಿನಲ್ಲಿ ಇಂಗ್ಲಿಷಿನಲ್ಲಿ ಅದನ್ನು ಹೇಳುವಾಗ ನಾಲಿಗೆ ಕಟ್ಟಿತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಇಂಗ್ಲಿಷು ಪುಸ್ತಕದಲ್ಲಿ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೆ ನಾನು ಮಾಡಿದ ಉಪಾಯವೆಂದರೆ, ಶೆಡ್ಡಿನಲ್ಲಿ ಕುಳಿತು ಅಪ್ಪ ಲೇಥಿನ ಮೇಲೆ ಏನು ಮಾಡುತ್ತಾರೋ ಅದನ್ನು ಅವರ ಕೈ ನಿಲ್ಲುವವರೆಗೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತ ಹೋಗುವುದು. ದಿನಕ್ಕೆ ಅರ್ಧ ಗಂಟೆಯಂತೆ ನಾಲ್ಕು ತಿಂಗಳು. ಪಿಪಿಡಿಟಿಯಲ್ಲಿ ಮುಂದೆ ನಾನು ಬಳಸಿದ ಇನ್ನೊಂದು ಕ್ರಮವಿದೆ, ಅದನ್ನು ನನ್ನ ಕಾಲೇಜಿನ ಕಿರಿಯರಿಗೆಂದು ಇಟ್ಟುಕೊಂಡಿದ್ದೇನೆ.

ಎರಡನೆಯ ಬೋರ್ಡು ಗಾಂಧಿನಗರದಲ್ಲಿ. ಐದು ದಿನವೂ ಇದ್ದು ಕಾನ್ಫರೆನ್ಸ್ ಔಟ್ ಆದೆ, ಅಂದರೆ ಕೊನೆಯ ಸಭೆಯಲ್ಲಿ ಆಯ್ಕೆಯಾಗಲಿಲ್ಲ. ಮೊದಲ ಬಾರಿ ಹೋದಾಗ ಎಸಿ ತ್ರೀ ಟಯರ್ ದರದ ಪ್ರಯಾಣ ಭತ್ಯೆ ಸಿಗುತ್ತದೆ, ಅದೇ ಬಗೆಯ ಪ್ರವೇಶಕ್ಕೆ ಮತ್ತೆ ಹೋದರೆ ಸಿಗುವುದಿಲ್ಲ. ಹೋಗಿಬರುವುದಕ್ಕೆ, ಊಟಕ್ಕೆ, ಬಟ್ಟೆಗೆ ಸುಮಾರು ಐದೂವರೆ ಸಾವಿರ ಕೈಯಿಂದ ಹೋಯಿತು. ಅಲ್ಲಿ ಕಂಡ ಒಂದು ಸಂಗತಿಯೇ ಮುಂದಿನ ಎಲ್ಲ ಕೆಲಸಕ್ಕೆ ಮೂಲ. ನಮ್ಮ ಗುಂಪಿನಲ್ಲಿ ರೆಕಮೆಂಡ್ ಆದ, ಅಂದರೆ ಬೋರ್ಡು ಆರಿಸಿದ ಹುಡುಗ ಸಂತೋಷಪಡಲು ಬಿಡುವಿಲ್ಲದೆ ಸಿಪಿಎಸ್‌ಎಸ್ ಯಂತ್ರದ ಮುಂದೆ ಕುಳಿತ, ಬಿದ್ದ, ಬಿಳಿಚಿದ ಮುಖದಲ್ಲಿ ಹೊರಬಂದ. ನಮಗಿಂತ ಎಲ್ಲದರಲ್ಲೂ ಮುಂದಿದ್ದವನು. ಅವನು ಜಾಯ್‌ಸ್ಟಿಕ್ಕನ್ನೂ ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡರ್ ಪೆಡಲನ್ನೂ ಅಂದೇ ಮೊದಲ ಸಲ ಮುಟ್ಟಿದ್ದನಂತೆ. ರೆಕಮೆಂಡ್ ಆದ ಮೇಲೆ ತಯಾರಿ ಮಾಡಿದರಾಯಿತು ಎನ್ನುವವರಿಗೆ ಆ ನಡುವಿನ ಕಾಲವೇ ಇಲ್ಲ ಎಂಬುದು ಅಂದು ಖಾತ್ರಿಯಾಯಿತು.

ಊರಿಗೆ ಬಂದು, ಅಭ್ಯಾಸಕ್ಕೆ ನಾನೇ ಒಂದು ಯಂತ್ರ ಕಟ್ಟಬೇಕು ಎಂದಾಗ ಮಾವ, “ಮೊದಲ ಆ ಬೋರ್ಡ್ ಪಾಸಾಗೊ ತಮ್ಮಾ, ಆಮ್ಯಾಲ ಮಷೀನ್ ಮಾಡಾಕಂತ” ಎಂದರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಕಾಲಾಗ ಎಷ್ಟು ಜೋರು ಬೀಳ್ತೈತಿ?” ನನಗೆ ಗೊತ್ತಿರಲಿಲ್ಲ. ಅಂದಾಜಿನಿಂದಲೇ ಶುರುಮಾಡಿದೆವು.

ಯಂತ್ರದಲ್ಲಿ ಏನು ಬರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬರೆಯಲೂ ಬಾರದು. ಆದರೆ ಸಿಪಿಎಸ್‌ಎಸ್‌ಗಿಂತ ಮೊದಲಿದ್ದ ಹಳೆಯ ಪಿಎಬಿಟಿ ಪರೀಕ್ಷೆಯಲ್ಲಿ ಪರದೆಯ ಮೇಲೆ ಅಲೆಯುವ ಬೆಳಕಿನ ಚುಕ್ಕೆಯನ್ನು ಕೈ ಮತ್ತು ಕಾಲುಗಳಿಂದ ಚೌಕದೊಳಗೆ ಹಿಡಿದಿಡಬೇಕಿತ್ತು, ಅದರ ನಡುವೆ ದೀಪ ಮತ್ತು ಸದ್ದುಗಳಿಗೂ ಸ್ಪಂದಿಸಬೇಕಿತ್ತು ಎಂಬುದು ಎಲ್ಲರಿಗೂ ತಿಳಿದದ್ದೇ. ನಾನು ಕಟ್ಟಿದ್ದು ಅದನ್ನೇ. ಚುಕ್ಕೆ ಎಡಬಲಕ್ಕೆ ಹೋಗುವುದು ಪಾದದಿಂದ, ಮೇಲೆ ಕೆಳಗೆ ಹೋಗುವುದು ಬಲಗೈಯಿಂದ, ದೀಪ ಮತ್ತು ಸದ್ದನ್ನು ಆರಿಸುವುದು ಎಡಗೈಯಿಂದ. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಗೆಳೆಯ ಪೈಥಾನಿನಲ್ಲಿ ಪ್ರೋಗ್ರಾಂ ಬರೆದುಕೊಟ್ಟ. ಆರ್ಡುಯಿನೊ ಲಿಯೊನಾರ್ಡೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡನ್ನು ಕಂಪ್ಯೂಟರು ನೇರವಾಗಿ ಜಾಯ್‌ಸ್ಟಿಕ್ ಎಂದೇ ಗುರುತಿಸುವಂತೆ ಮಾಡಬಹುದಾದ್ದರಿಂದ ಅದನ್ನೇ ತಂದೆವು.

ಮೊದಲ ಸೋಲು ಕುರ್ಚಿಯದು. ಪೆಡಲನ್ನು ಒತ್ತಿದೊಡನೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತಿತ್ತು. ಗೋಡೆಗೆ ಒತ್ತಿ ಇಟ್ಟರೆ ಪೆಡಲಿನ ಹಲಗೆ ಮುಂದಕ್ಕೆ ಹೋಗುತ್ತಿತ್ತು. ಕುರ್ಚಿ ಮತ್ತು ಪೆಡಲುಗಳನ್ನು ಒಂದೇ ಐದಡಿಯ ಪ್ಲೈವುಡ್ಡಿಗೆ ಬೋಲ್ಟ್ ಮಾಡುವವರೆಗೆ ಅಭ್ಯಾಸವೇ ಆಗಲಿಲ್ಲ. ಎರಡನೆಯದು ಸ್ಪ್ರಿಂಗು: ಮೊದಲು ಹಾಕಿದ ಮೊಪೆಡ್ ಸ್ಟ್ಯಾಂಡಿನ ಸ್ಪ್ರಿಂಗುಗಳು ಎಷ್ಟು ಬಿರುಸಾಗಿದ್ದವೆಂದರೆ ಹತ್ತು ನಿಮಿಷಕ್ಕೆ ಮೀನಖಂಡ ಹಿಡಿಯುತ್ತಿತ್ತು. ಸೈಕಲ್ ಸ್ಟ್ಯಾಂಡಿನವು ಸರಿಹೋದವು.

ನಿಜವಾಗಿ ನನ್ನನ್ನು ಸೋಲಿಸಿದ್ದು ಮೂರನೆಯದು, ಅದನ್ನು ವಿವರವಾಗಿಯೇ ಹೇಳಬೇಕು. ಪೆಡಲಿನ ತಿರುಗುವಿಕೆಯನ್ನು ಅಳೆಯಲು ಕೊಪ್ಪಿಕರ ರಸ್ತೆಯ ಆಸುಪಾಸಿನ ರೇಡಿಯೊ ರಿಪೇರಿ ಅಂಗಡಿಯಿಂದ ರೇಡಿಯೊದ ವಾಲ್ಯೂಮ್ ಗುಂಡಿಯೊಳಗೆ ಇರುವಂಥ 10ಕೆ ಪೊಟೆನ್ಶಿಯೋಮೀಟರು ತಂದಿದ್ದೆ. ಚುಕ್ಕೆ ಎಡಕ್ಕೆ ಮೆಲ್ಲನೆ ಸರಿಯುತ್ತಿತ್ತು, ಬಲಕ್ಕೆ ನೆಗೆಯುತ್ತಿತ್ತು. ನನ್ನ ಬಲಗಾಲಿನಲ್ಲಿಯೇ ದೋಷವಿದೆ ಎಂದು ಎರಡು ವಾರ ನಂಬಿ, ಉಣಕಲ್ ಕೆರೆಯ ದಂಡೆಯಲ್ಲಿ ಒಂಟಿ ಕಾಲಿನಲ್ಲಿ ಕುಪ್ಪಳಿಸುವುದು, ಎಡಗಾಲಿನ ಮೇಲೆ ನಿಂತು ಬಲಪಾದದಿಂದ ಅಕ್ಷರ ಬರೆಯುವುದು ಎಂದು ಏನೇನೋ ಮಾಡಿದೆ. ಕೊನೆಗೆ ಗೆಳೆಯ ಮೀಟರಿನ ಬೆನ್ನು ನೋಡಿದ: ‘ಎ’ ಎಂಬ ಗುರುತು. ಅದು ಆಂಪ್ಲಿಫೈಯರಿನ ವಾಲ್ಯೂಮಿಗೆ ಹಾಕುವ, ಒಂದು ಬದಿಗೆ ಮೆಲ್ಲನೆ ಇನ್ನೊಂದು ಬದಿಗೆ ಬೇಗನೆ ಬದಲಾಗುವ ಲಾಗ್ ಬಗೆಯದು, ಅಳತೆಗೆ ಬೇಕಾದದ್ದು ಎರಡೂ ಬದಿಗೆ ಸಮನಾಗಿ ಬದಲಾಗುವ ‘ಬಿ’ ಗುರುತಿನ ಲೀನಿಯರ್. ಮೂವತ್ತು ರೂಪಾಯಿಯ ಬಿಡಿಭಾಗ ಎರಡು ವಾರ ತಿಂದಿತು. ‘ಬಿ’ ಹಾಕಿದ ಮೇಲೂ ಶೆಡ್ಡಿನ ಲೋಹದ ಪುಡಿ ಒಳಸೇರಿ ತಿಂಗಳಿಗೊಮ್ಮೆ ಚುಕ್ಕೆ ನಡುಗತೊಡಗುತ್ತಿತ್ತು. ಮೂರು ಮೀಟರುಗಳು ಹಾಳಾದ ಮೇಲೆ ಆಯಸ್ಕಾಂತ ಮತ್ತು ಅದರ ಚಲನೆಯನ್ನು ಮುಟ್ಟದೆಯೇ ಅಳೆಯುವ ಹಾಲ್ ಸೆನ್ಸರಿಗೆ ಬದಲಾಯಿಸಿದೆ. ಅಲ್ಲಿಂದ ಮುಂದೆ ತೊಂದರೆಯಿಲ್ಲ.

ಒಟ್ಟು ಖರ್ಚು ನಾಲ್ಕು ಸಾವಿರದ ಇನ್ನೂರು ಮುನ್ನೂರು ಇರಬಹುದು. ಅದರಲ್ಲಿ ಅರ್ಧ ಹಳೆಯ ಜಾಯ್‌ಸ್ಟಿಕ್ಕಿಗೂ ಆರ್ಡುಯಿನೊ ಬೋರ್ಡಿಗೂ ಹೋಯಿತು. ಬೇರಿಂಗು, ಪಿನ್ನು, ತಿರುಗಣೆಯ ಕೆಲಸವೆಲ್ಲ ಅಪ್ಪನದು. ತರಬೇತಿ ಕೇಂದ್ರವೊಂದು ಎರಡು ವಾರಕ್ಕೆ ಕೇಳಿದ್ದು ಇಪ್ಪತ್ತೆರಡು ಸಾವಿರ, ಅದರಲ್ಲಿ ಯಂತ್ರದ ಅಭ್ಯಾಸ ಇರಲೂ ಇಲ್ಲ.

ಅಂಕಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮೊದಲ ವಾರ ಚುಕ್ಕೆ ಚೌಕದೊಳಗೆ ಇದ್ದದ್ದು ನೂರಕ್ಕೆ ಹದಿನೆಂಟು ಇಪ್ಪತ್ತು ಪಾಲು ಹೊತ್ತು. ಮೂರು ತಿಂಗಳಿಗೆ ಐವತ್ತು ದಾಟಿತು, ಆಮೇಲೆ ಎರಡು ತಿಂಗಳು ಅಲ್ಲಿಯೇ ನಿಂತಿತು. ದಿನಕ್ಕೆ ಒಂದು ಗಂಟೆ ಒಂದೇ ಸಮನೆ ಕೂರುತ್ತಿದ್ದುದನ್ನು ಬಿಟ್ಟು ಬೆಳಗ್ಗೆ ಹದಿನೈದು ನಿಮಿಷ, ರಾತ್ರಿ ಹದಿನೈದು ನಿಮಿಷ ಎಂದು ಒಡೆದಾಗ ಮತ್ತೆ ಏರಿತು. ಕೊನೆಯ ತಿಂಗಳುಗಳಲ್ಲಿ ಎಪ್ಪತ್ತೈದರ ಕೆಳಗೆ ಇಳಿದದ್ದು ನೆನಪಿಲ್ಲ. ಗೆಳೆಯನ ಕಾಲೇಜಿನ ಹನ್ನೆರಡು ಹುಡುಗರನ್ನು ಕೂರಿಸಿ ನೋಡಿದೆವು, ನಲವತ್ತು ದಾಟಿದವರು ಇಬ್ಬರೇ. ಏರಿಕೆಗೆ ಮುಖ್ಯ ಕಾರಣ ಕಣ್ಣು. ಚುಕ್ಕೆ, ಚೌಕ, ದೀಪ ಈ ಮೂರರಲ್ಲಿ ದೃಷ್ಟಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಏಳನೆಯ ತಿಂಗಳಿನಲ್ಲಿ ಹೊಳೆಯಿತು. ಅದನ್ನು ಹೇಳುವುದಿಲ್ಲ, ಸ್ವತಃ ಕುಳಿತು ಕಂಡುಕೊಂಡವರಿಗೆ ಮಾತ್ರ ಅದು ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಬದಿಗೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಚುಕ್ಕೆ ಹಿಡಿಯುತ್ತ ಹದಿನೇಳರ ಮಗ್ಗಿಯನ್ನು ಗಟ್ಟಿಯಾಗಿ ಹೇಳುವುದು: ಮೊದಲಿಗೆ ಅಂಕ ಅರ್ಧಕ್ಕೆ ಇಳಿಯಿತು, ಆರು ವಾರದಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ಧಾರವಾಡ ಆಕಾಶವಾಣಿಯ ವಾರ್ತೆಗಳನ್ನು ಕೇಳುತ್ತ ಅಭ್ಯಾಸ ಮಾಡಿ ಮುಗಿದ ಮೇಲೆ ನೆನಪಿದ್ದ ಸುದ್ದಿಗಳನ್ನು ಬರೆಯುವುದು: ಇದೂ ಬಹಳ ಒಳ್ಳೆಯದು. ಪೆಡಲಿನ ದಿಕ್ಕನ್ನು ತಿರುಗುಮುರುಗು ಮಾಡಿ ಒಂದು ವಾರ ಆಡಿದ್ದು ಮಾತ್ರ ದೊಡ್ಡ ತಪ್ಪು. ಚುರುಕು ಹೆಚ್ಚುತ್ತದೆ ಎಂದುಕೊಂಡಿದ್ದೆ, ಆದರೆ ಕಾಲು ಗೊಂದಲಕ್ಕೆ ಬಿದ್ದು ಹಳೆಯ ಅಂಕಕ್ಕೆ ಮರಳಲು ಮೂರು ವಾರ ಹಿಡಿಯಿತು. ಅದನ್ನು ಯಾರೂ ಮಾಡಬೇಡಿ. ಮಧ್ಯಾಹ್ನ ಅವ್ವನ ಕೈಯ ರೊಟ್ಟಿ ಊಟವಾದ ಮೇಲೆ ಅಂಕ ಎಂಟು ಹತ್ತು ಇಳಿಯುವುದನ್ನು ಕಂಡು, ಪರೀಕ್ಷೆಯ ದಿನ ಬಾಳೆಹಣ್ಣು ಮತ್ತು ಚಹಾದ ಮೇಲೆಯೇ ಇದ್ದೆ.

ಮೂರನೆಯ ಬೋರ್ಡು ಮತ್ತೆ ಮೈಸೂರು. ರೆಕಮೆಂಡ್ ಆದೆ. ಯಂತ್ರದ ಮುಂದೆ ಕುಳಿತಾಗ ಪೆಡಲುಗಳು ನನ್ನವಕ್ಕಿಂತ ಹಗುರ ಎನಿಸಿದವು, ಎರಡು ನಿಮಿಷದಲ್ಲಿ ಪಾದ ಹೊಂದಿಕೊಂಡಿತು. ಆಮೇಲೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ತಪಾಸಣೆ. ಮೂಗಿನ ನಡುಗೋಡೆ ಓರೆಯಾಗಿದೆ ಎಂದು ತಾತ್ಕಾಲಿಕವಾಗಿ ಅನರ್ಹನಾದೆ. ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆಯಲ್ಲಿ ಕಡಿಮೆ ಖರ್ಚಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ, ಕೊಟ್ಟ ಗಡುವಿನೊಳಗೆ ಮರಳಿ ಹೋಗಿ ತೇರ್ಗಡೆಯಾದೆ. ಕೆಲವು ವಾರಗಳ ನಂತರ ಮೆರಿಟ್ ಪಟ್ಟಿಯಲ್ಲಿ ಹೆಸರು ಬಂತು.

ದುಂಡಿಗಲ್ಲಿನಲ್ಲಿ ಪಿಲಾಟಸ್ ಪಿಸಿ-7 ಮಾರ್ಕ್ 2 ತರಬೇತಿ ವಿಮಾನ ಹತ್ತಿದ ಮೇಲೆ ಶೆಡ್ಡಿನ ಅಭ್ಯಾಸದ ಗುಣದೋಷ ಎರಡೂ ಕಂಡವು. ರೇಡಿಯೊ ಕೇಳುತ್ತ, ಉತ್ತರಿಸುತ್ತ, ಕೈಕಾಲು ನಡೆಸುವುದು ನನಗೆ ಜೊತೆಯವರಿಗಿಂತ ಬೇಗ ಬಂತು. ಆದರೆ ಬಿರುಸು ಸ್ಪ್ರಿಂಗಿನ ರೂಢಿಯಿಂದ ರಡರನ್ನು ಹೆಚ್ಚು ಒತ್ತುತ್ತಿದ್ದೆ. ಎಂಜಿನ್ನಿನ ಶಕ್ತಿ ಬದಲಾದಾಗಲೆಲ್ಲ ಮೂತಿ ಪಕ್ಕಕ್ಕೆ ಸರಿಯುವ ವಿಮಾನದಲ್ಲಿ ಅದು ಸಣ್ಣ ತಪ್ಪಲ್ಲ. ನನ್ನ ಬೋಧಕರು ಅದನ್ನು ಬಿಡಿಸಲು ಆರೇಳು ಸಾರ್ಟಿ (ಹಾರಾಟ) ಶ್ರಮಿಸಿದರು. ಹೊಟ್ಟೆ ತೊಳಸುವುದಕ್ಕಂತೂ ಶೆಡ್ಡಿನಲ್ಲಿ ಔಷಧವಿರಲಿಲ್ಲ, ಮೊದಲ ಐದು ಸಾರ್ಟಿಗಳಲ್ಲಿ ಮೂರರಲ್ಲಿ ವಾಂತಿಯಾಯಿತು. ಆದರೂ ಬೋಧಕರಿಲ್ಲದೆ ಒಬ್ಬನೇ ಹಾರುವ ಸೋಲೊ ನನ್ನ ತಂಡದ ಮೊದಲ ನಾಲ್ವರಲ್ಲೇ ಆಯಿತು.

ಕುರ್ಚಿ, ಪೆಡಲುಗಳ ಆ ಹಲಗೆ ಈಗ ಧಾರವಾಡದ ಸಪ್ತಾಪುರದಲ್ಲಿ ಏರ್ ವಿಂಗ್ ‘ಸಿ’ ಮುಗಿಸಿ ಬಂದಿರುವ ಹುಡುಗಿಯೊಬ್ಬಳ ಕೋಣೆಯಲ್ಲಿದೆ. ಆಕೆ ಒಮ್ಮೆ ಕಾನ್ಫರೆನ್ಸ್ ಔಟ್ ಆಗಿದ್ದಾಳೆ, ಅಂಕ ಅರವತ್ತರ ಹತ್ತಿರ ಬಂದಿದೆ. ನನ್ನ ಮಾತಿನಂತೆ ಎರಡೂ ಬದಿಗೆ ಇನ್ನಷ್ಟು ಮೆದುವಾದ ಸ್ಪ್ರಿಂಗು ಹಾಕಿಸಿದ್ದೇವೆ. ಎಡ ಪೆಡಲಿನ ಪಿನ್ನು ಸವೆದಿದೆ ಎಂದು ಕಳೆದ ವಾರ ಫೋನು ಮಾಡಿದ್ದಳು; ಅಪ್ಪ ಲೇಥಿನಲ್ಲಿ ಹೊಸದನ್ನು ಮಾಡಿ ಇಟ್ಟಿದ್ದಾರೆ, ಭಾನುವಾರ ತೆಗೆದುಕೊಂಡು ಹೋಗುತ್ತಾಳೆ.